ಅನ್ನವ್ವನ ಪ್ಲೇಟು

ಮಾಘ ಮಾಸ ಹಿಡಿದಿತ್ತು. ಹೊಲದಲ್ಲಿ ಬಿಳಿಜೋಳ ತೆನೆ ತೂಗುತ್ತಿತ್ತು. ಲಗ್ನದ ಸೀರೆಗಳಿಗೆ ಬೇಡಿಕೆ ಬಂದು ಗಜೇಂದ್ರಗಡದ ನೇಕಾರರ ಓಣಿಯಲ್ಲಿ ಮಗ್ಗಗಳು ನಸುಕಿನಿಂದಲೇ ಸದ್ದು ಹಚ್ಚಿದ್ದವು. ದ್ಯಾಮಪ್ಪ ಅಂಗಡಿಯಲ್ಲಿ ಕೂತು ಬಣ್ಣದ ನೂಲಿನ ಲಡಿಗಳನ್ನು ತೂಗುತ್ತಿದ್ದ. ಅಂಗಡಿಯ ಒಂದು ಬದಿಗೆ ನೂಲು, ಇನ್ನೊಂದು ಬದಿಗೆ ಗ್ರಾಮಫೋನು, ಹಾಡಿನ ಪ್ಲೇಟುಗಳು. ನೂಲಿನ ವ್ಯಾಪಾರ ಅಪ್ಪ ಬಿಟ್ಟುಹೋದದ್ದು. ಹಾಡಿನ ಹುಚ್ಚು ಇವನ ಸ್ವಂತದ್ದು.

ಅಂದು ಅನ್ನವ್ವ ನೂಲಿಗೆ ಬರುವ ದಿನ. ಬಂದವಳೇ ಲಡಿಯೊಂದನ್ನು ಬೆಳಕಿಗೆ ಹಿಡಿದು ನೋಡಿದಳು. ಆ ಕೆಂಪು ಎಳೆಗಳ ಸಂದಿಯಿಂದಲೇ ಅವನನ್ನೂ ಒಮ್ಮೆ ನೋಡಿದಳು.

"ಸಾವಕಾರ್ರ, ಬಣ್ಣ ಬಿಡೂದಿಲ್ಲ ಹೌದಿಲ್ಲೊ?"

"ಬಿಟ್ರ ನನ್ನ ಬೈಯಿ."

"ಬೈಯಾಕ ಬಣ್ಣ ಯಾಕ ಬಿಡಬೇಕ್ರಿ? ಹಂಗೂ ಬೈತೀನಿ."

ಆಮೇಲೆ ಸೆರಗಿನ ಅಂಚನ್ನು ಬೆರಳಿಗೆ ಸುತ್ತುತ್ತ, ಏನೋ ಈಗ ನೆನಪಾಯಿತು ಎಂಬಂತೆ, ಈ ವಾರ ತನ್ನ ಹಾಡಿನ ಪ್ಲೇಟು ಮಾರಿಹೋದವೇನೆಂದು ಕೇಳಿದಳು. ಆ ಒಂದು ಮಾತಿಗಾಗಿಯೇ ಅವಳು ಓಣಿ ದಾಟಿ ಬರುತ್ತಾಳೆಂದು ದ್ಯಾಮಪ್ಪನಿಗೆ ಗೊತ್ತಿತ್ತು. ಎರಡು ಹೋದವು ಎಂದ.

ಲಗ್ನವಾದ ಎರಡನೆಯ ವರ್ಷವೇ ಅನ್ನವ್ವನ ಗಂಡ ತೀರಿಕೊಂಡಿದ್ದ. ಮಗ್ಗದ ಮುಂದೆ ಕೂತು ಹಾಡುವ ಅವಳ ಧ್ವನಿಗೆ ಮರುಳಾಗಿ ದ್ಯಾಮಪ್ಪನೇ ಅವಳನ್ನೂ ಅವಳ ತಾಯಿಯನ್ನೂ ಬಸ್ಸು ಹತ್ತಿಸಿ ಹುಬ್ಬಳ್ಳಿಗೆ ಕರೆದೊಯ್ದಿದ್ದ. ಅಲ್ಲಿ ಬೀಡುಬಿಟ್ಟಿದ್ದ ಗ್ರಾಮಫೋನು ಕಂಪನಿಯವರು ಅವಳಿಂದ ಸೋಬಾನೆ ಹಾಡಿಸಿಕೊಂಡರು. ಲಗ್ನದ ಹಾಡಿನ ಪ್ಲೇಟುಗಳು ಬೇಗ ಖರ್ಚಾಗುತ್ತವೆ ಎಂಬುದು ಅವರ ವಿಚಾರ. ನರಗುಂದದಲ್ಲಿ, ರೋಣದಲ್ಲಿ ಖರ್ಚಾದವು ಕೂಡ. ಅಲ್ಲಿಯ ಮಂದಿಗೆ ಅವಳು ಪ್ಲೇಟಿನ ಮೇಲಿನ ಹೆಸರು ಮಾತ್ರ. ಇಲ್ಲಿ ಅವಳ ಬರಿ ಹಣೆ ಎಲ್ಲರೂ ದಿನಾ ನೋಡುವಂಥದು. ಯಾರೂ ಕೆಟ್ಟ ಮಾತು ಆಡಲಿಲ್ಲ. ಅಂಗಡಿಯಲ್ಲಿ ನಿಂತು ಕೇಳಿದರು, ಭಾಳ ಚಲೋ ಹಾಡ್ಯಾಳ ಎಂದರು, ಹಂದರದಲ್ಲಿ ಹಚ್ಚಲು ಬೇರೆ ಪ್ಲೇಟು ಒಯ್ದರು.

ಎರಡು ವರ್ಷದ ಹಿಂದೆ, ಪ್ಲೇಟು ಬಂದ ಮೊದಲ ವಾರ ಅವಳು ಕೇಳಿದಾಗ ಒಂದೂ ಹೋಗಿಲ್ಲ ಎನ್ನಲು ದ್ಯಾಮಪ್ಪ ಬಾಯಿ ತೆರೆದಿದ್ದ. ಅವಳ ಮುಖ ನೋಡಿದ. ಎರಡು ಎಂದುಬಿಟ್ಟ. ಯಾರ ಮನೆಗೆಂದು ಅವಳು ಕೇಳಿದ್ದಕ್ಕೆ ಅದೇ ಓಣಿಯ ವೀರವ್ವನ ಹೆಸರು ಬಾಯಿಗೆ ಬಂತು.

ಅಂದಿನಿಂದ ಅವಳ ನಡಿಗೆಯೇ ಬದಲಾಯಿತು. ಲಗ್ನದ ಮನೆ ಬಂದರೆ ಗೋಡೆಗುಂಟ ಸರಿದು ಹೋಗುತ್ತಿದ್ದವಳು ಓಣಿಯ ನಡುವೆ ನಡೆದಳು. ವೀರವ್ವ ಬಾಗಿಲಲ್ಲಿದ್ದರೆ ನಿಂತು ನಕ್ಕಳು. ಆ ನಗುವಿನ ಆಸೆಗೆ ದ್ಯಾಮಪ್ಪ ವಾರವಾರವೂ ಎರಡು ಮೂರು ಮನೆಗಳ ಹೆಸರು ಹೇಳುತ್ತ ಹೋದ. ಪ್ಲೇಟುಗಳನ್ನು ಅಟ್ಟಕ್ಕೇರಿಸಿ, ಕಂಪನಿಗೆ ಕೈಯಿಂದ ಹಣ ಕಳಿಸಿ, ಮತ್ತೆ ತರಿಸಿದ. ಇನ್ನೂರರ ಮೇಲಾದವು. ಅವರಿಬ್ಬರ ಮಂದಿಯಲ್ಲಿ ಗಂಡ ಸತ್ತವಳಿಗೆ ಉಡಿಕೆಯ ಲಗ್ನಕ್ಕೆ ಅಡ್ಡಿಯಿರಲಿಲ್ಲ. ಆ ಮಾತು ತೆಗೆಯಲು ಹೋದವನು ಪ್ರತಿ ಸಲ ಇನ್ನೊಂದು ಮನೆಯ ಹೆಸರು ಹೇಳಿ ಮುಗಿಸುತ್ತಿದ್ದ.

ಅನ್ನವ್ವ ಇನ್ನೂ ನೂಲು ಆರಿಸುತ್ತಿದ್ದಾಗ ಹುಬ್ಬಳ್ಳಿಯ ಬಸ್ಸಿಳಿದು ಕಂಪನಿಯ ಗುರುಸಂಗಪ್ಪ ಬಂದರು. ಜಿಲ್ಲೆಯಲ್ಲಿ ಯಾರ ಹಾಡು ಹೆಚ್ಚು ಖರ್ಚಾಗಿದೆಯೋ ಅವರನ್ನು ಮುಂಬಯಿಗೆ ಕರೆಸಿ ಹೊಸ ಪ್ಲೇಟು ಮಾಡುವುದಿತ್ತು. ಅನ್ನವ್ವ ಎಲ್ಲರಿಗಿಂತ ಮುಂದಿದ್ದಳು. ರೋಣ, ನರಗುಂದದ ಲೆಕ್ಕ ತಾಳೆಯಾಗಿತ್ತು. ಇಷ್ಟು ಸಣ್ಣ ಊರಲ್ಲಿ ಇನ್ನೂರು ಹೇಗೆ ಹೋದವೆಂದು ಮೇಲಿನವರಿಗೆ ಸಂಶಯ. ನಾಲ್ಕಾರು ಮನೆಗೆ ಹೋಗಿ ಕಣ್ಣಾರೆ ನೋಡಿ ಬಾ ಎಂದಿದ್ದಾರೆ; ಹಚ್ಚಿದ ಪ್ಲೇಟಿನ ಹೊಳಪು ಗ್ರಾಮಫೋನಿನ ಮುಳ್ಳಿಗೆ ಸವೆದಿರುತ್ತದೆ, ನೋಡಿದರೆ ತಿಳಿಯುತ್ತದೆ ಎಂದರು.

ಮುಂಬಯಿ ಎಂದು ಕೇಳಿ ಅನ್ನವ್ವ ಲಡಿಯನ್ನು ಕೆಳಗಿಟ್ಟಳು.

"ನಾ ಕರಕೊಂಡ ಹೋಗ್ತೀನ್ರಿ. ಯಾರ್ಯಾರ ಮನಿಯಾಗ ಅದಾವ, ನನಗ ಎಲ್ಲಾ ಬಾಯಿಪಾಠ ಅದ. ಮೊದಲ ವೀರವ್ವಕ್ಕನ ಮನಿಗೆ ಹೋಗೂಣು."

ಸೆರಗು ಸರಿಮಾಡಿಕೊಂಡು ಆಗಲೇ ಒಂದು ಮೆಟ್ಟಿಲು ಇಳಿದಿದ್ದಳು. ಯಾವ ಪ್ಲೇಟವ್ವಾ ಎನ್ನುವ ವೀರವ್ವನ ಮುಖ ದ್ಯಾಮಪ್ಪನ ಕಣ್ಣಿಗೆ ಕಟ್ಟಿತು. ಅದರಾಚೆಯ ಬಾಗಿಲು, ಅದರಾಚೆಯದು.

"ಅನ್ನವ್ವಾ, ಹೋಗಬ್ಯಾಡ. ಅಲ್ಲಿಲ್ಲ. ಯಾರ ಮನಿಯಾಗೂ ಇಲ್ಲ. ಎಲ್ಲಾ ನನ್ನ ಅಟ್ಟದ ಮ್ಯಾಲ ಅದಾವ."

ಗುರುಸಂಗಪ್ಪನವರು ನಿಚ್ಚಣಿಕೆ ಹತ್ತಿ ನೋಡಿ ಇಳಿದರು. ಇಬ್ಬರ ಮುಖವನ್ನೂ ನೋಡದೆ, ಚಹಾ ಕುಡಿದು ಬರುತ್ತೇನೆಂದು ಹೊರಗೆ ಹೋದರು.

"ಮೊದಲನೇ ವಾರದ ಆ ಎರಡು?" ಎಂದಳು ಅನ್ನವ್ವ.

"ಅವೂ ಅಲ್ಲೇ ಅದಾವ."

ಅವಳು ಅಳಲಿಲ್ಲ. ವೀರವ್ವನನ್ನು ಕಂಡು ತಾನೆಷ್ಟು ಸಲ ನಕ್ಕಿರಬೇಕು, ಇವಳೇಕೆ ಹೀಗೆ ನಗುತ್ತಾಳೆಂದು ವೀರವ್ವಕ್ಕ ಏನು ತಿಳಿದಿರಬೇಕು ಎಂದು ತನ್ನನ್ನೇ ಕೇಳಿಕೊಂಡಂತೆ ಮೆಲ್ಲಗೆ ಅಂದಳು.

"ನಿನ್ನ ಮಾರಿ ಬಾಡೂದು ನನಗ ನೋಡಾಕ ಆಗಲಿಲ್ಲ," ಎಂದ ದ್ಯಾಮಪ್ಪ. "ಅನ್ನವ್ವಾ, ಉಡಿಕಿ ಮಾಡಿಕೊಳ್ಳೂಣು. ಭಾಳ ದಿನದಿಂದ ಕೇಳಬೇಕಂತಿದ್ದೆ."

ಅವಳು ಅವನನ್ನು ನೇರವಾಗಿ ನೋಡಿದಳು. ಅಟ್ಟದ ಮಾತು ಬಂದಾಗಿನಿಂದ ಅವಳು ಅವನನ್ನು ನೋಡಿದ್ದೇ ಇರಲಿಲ್ಲ.

"ಹ್ವಾದ ವಾರ ಕೇಳಿದ್ರ ಹೂಂ ಅಂತಿದ್ದೆ ನೋಡ್ರಿ. ಈಗ ಇದನ್ನೂ ನನ್ನ ಮಾರಿ ನೋಡಿ ಹೇಳಿದ್ರೋ, ಖರೇನ ಹೇಳಿದ್ರೋ, ನಾ ಹ್ಯಾಂಗ ತಿಳಕೊಳ್ಳಲಿ?"

ಖರೇ ಎಂದು ಹೇಳಬೇಕೆಂದುಕೊಂಡ. ಎರಡು ವರ್ಷ ಅವಳೆದುರು ಅದೇ ಧ್ವನಿಯಲ್ಲಿ ಬೇರೆಲ್ಲವನ್ನೂ ಹೇಳಿದ್ದ.

ಅವಳು ಸೆರಗಿನ ಗಂಟು ಬಿಚ್ಚಿದಳು. ನೂಲಿಗೆಂದು ತಂದ ಮೂರು ರೂಪಾಯಿ ಅದರಲ್ಲಿತ್ತು.

"ಒಂದು ಪ್ಲೇಟ ತಗದ ಕೊಡ್ರಿ."

ಅವನು ಅಟ್ಟದಿಂದ ಒಂದನ್ನು ತಂದು ಧೂಳೊರೆಸಿದ. ನಿಮ್ಮ ಮನೆಯಲ್ಲಿ ಗ್ರಾಮಫೋನು ಇಲ್ಲವಲ್ಲ ಎಂದ. ಇರಲಿ ಎಂದಳು. ಹಣ ಬೇಡವೆಂದ.

"ತಗೊಳ್ರಿ. ರೊಕ್ಕ ಬಿಟ್ರ ಇದೂ ಸುಳ್ಳಾಗತದ."

ಬೆಲೆ ಎರಡು ರೂಪಾಯಿ ಹನ್ನೆರಡಾಣೆ. ಅವಳು ಹೋಗದೆ ಕಾದು ನಿಂತದ್ದು ಚಿಲ್ಲರೆಗೆ ಎಂದು ಅವನಿಗೆ ತಡವಾಗಿ ಹೊಳೆಯಿತು. ನಾಲ್ಕಾಣೆ ಅವಳ ಅಂಗೈಯಲ್ಲಿಟ್ಟ; ಬೆರಳು ತಾಗಲಿಲ್ಲ. ಅವಳು ಪ್ಲೇಟನ್ನು ಎದೆಗವಚಿಕೊಂಡು ಬಿಸಿಲಿಗಿಳಿದಳು.

ಗುರುಸಂಗಪ್ಪನವರು ತಿರುಗಿ ಬಂದರು. ಅವರಿಗೂ ಮನಸ್ಸು ತಡೆದಿರಲಿಲ್ಲ. ತಾನು ಕೆಲವು ಮನೆ ನೋಡಿದೆ ಎಂದು ಬರೆದರೂ ಬರೆಯಬಹುದು, ಯಾರು ಮತ್ತೆ ಇಲ್ಲಿಯವರೆಗೆ ಬರುತ್ತಾರೆ, ಆ ಹೆಣ್ಣುಮಗಳಾದರೂ ಮುಂಬಯಿ ಕಾಣಲಿ ಎಂದರು.

"ಬ್ಯಾಡ್ರಿ."

"ಹಂಗಾರ ಎಷ್ಟ ಬರೀಲಿ, ದ್ಯಾಮಪ್ಪಾ?"

ದ್ಯಾಮಪ್ಪ ಮುಷ್ಟಿಯೊಳಗಿನ ರೂಪಾಯಿಗಳನ್ನು ಇನ್ನೂ ಗಲ್ಲಾಪೆಟ್ಟಿಗೆಗೆ ಹಾಕಿರಲಿಲ್ಲ.

"ಒಂದು," ಎಂದ.