ಎಡಗಿವಿಗೆ ಹೇಳಿದ ಮಾತು

ಒಂದು ಗುಡ್ಡದ ಆ ಕಡೆ ಒಬ್ಬಳು, ಈ ಕಡೆ ಒಬ್ಬಳು... ಇಬ್ಬರು ಅಕ್ಕತಂಗಿಯರಿದ್ದರಂತೆ. ಹುಟ್ಟಿದಾಗಿನಿಂದ ಒಬ್ಬರ ಮುಖವನ್ನು ಒಬ್ಬರು ನೋಡಿದವರಲ್ಲ. ಆದರೂ ಊರಿನ ಸುದ್ದಿಯನ್ನೆಲ್ಲ ಪಾಲು ಹಂಚಿಕೊಂಡೇ ಕೇಳುತ್ತಿದ್ದರಂತೆ. ಒಂದು ದಿನ ಜ್ವರದ ರಾಕ್ಷಸ ಬಂದು ಎಡಗಡೆಯ ಅಕ್ಕನಿಗೆ ನಿದ್ದೆಯ ಮದ್ದು ಹಾಕಿಬಿಟ್ಟ. ಅಕ್ಕ ಮತ್ತೆ ಏಳಲೇ ಇಲ್ಲ. ಬಲಗಡೆಯ ತಂಗಿ ಒಬ್ಬಳೇ ಕಾಯುತ್ತಾ ಕೂತಳು... ಒಬ್ಬ ಬರುತ್ತಾನೆ, ಅಕ್ಕನ ಪಾಲಿನ ಮಾತನ್ನು ಗುಡ್ಡ ದಾಟಿಸಿ ತನ್ನ ಕೈಗೆ ತಂದುಕೊಡುತ್ತಾನೆ ಅಂತ.

"ಆಮೇಲೆ ಅಜ್ಜಿ? ಅವನು ಬಂದನಾ?" ಎಂದು ಆರು ವರ್ಷದ ಗುಬ್ಬಿ ಕೇಳುತ್ತಿದ್ದಳು.

"ಬರ್ತಾನೆ ಕಣೇ. ದಾರೀಲಿದಾನೆ."

ಗುಡ್ಡ ಎಂದರೆ ತನ್ನದೇ ತಲೆ, ಅಕ್ಕತಂಗಿಯರೆಂದರೆ ತನ್ನ ಎರಡು ಕಿವಿಗಳು ಎಂದು ಗುಬ್ಬಿಗೆ ಅರ್ಥವಾಗುವಷ್ಟರಲ್ಲಿ ಅವಳು ಹೈಸ್ಕೂಲು ಸೇರಿದ್ದಳು. ಈಗ ಅವಳಿಗೆ ಇಪ್ಪತ್ತಾರು. ಅಜ್ಜಿಯ ಆ ಪುಣ್ಯಾತ್ಮ ಇನ್ನೂ ದಾರಿಯಲ್ಲೇ ಇದ್ದ!

*

"ಮಹಾರಾಣಿಯವರು ಸ್ವಲ್ಪ ಈ ಕಡೆ ದೃಷ್ಟಿ ಹರಿಸಿದ್ರೆ... ಮೂರು ಸಲ ಕೇಳಿದೆ. ಕಿವಿ ಕೇಳಿಸಲ್ವಾ?"

ಮೊಬೈಲ್ ಸಾಮಾನಿನ ಅಂಗಡಿಯಲ್ಲಿ ಗಾಜಿನ ಕಪಾಟು ನೋಡುತ್ತಾ ನಿಂತಿದ್ದ ಅವಳು ಬೆಚ್ಚಿ ತಿರುಗಿದಳು. ಎಡಗಡೆ, ಒಂದೇ ಮೊಳದ ದೂರದಲ್ಲಿ, ತೋಳು ಮಡಚಿದ ಅಂಗಿಯ ಯುವಕನೊಬ್ಬ ನಿಂತಿದ್ದ. ತುಟಿಯಲ್ಲಿ ತುಂಟ ನಗು.

ಎಲ್ಲರೂ ಎಲ್ಲರಿಗೂ ಅನ್ನುವ ಮಾತು ಅದು. ಆದರೆ ಆ ದಿನ ಅವಳಿಗೆ ತಡೆದುಕೊಳ್ಳಲಾಗಲಿಲ್ಲ.

"ಇಲ್ಲ. ಕೇಳಿಸಲ್ಲ! ಒಂದು ಕಿವಿ ಕೇಳಿಸಲ್ಲ. ಸಾಕಾ?"

ಅಯ್ಯೋ... ಇಪ್ಪತ್ತು ವರ್ಷ ಮನೆಯಾಚೆ ಯಾರಿಗೂ ಹೇಳದ ಗುಟ್ಟನ್ನು ಗುರುತಿಲ್ಲದವನ ಮುಂದೆ ಕಕ್ಕಿಬಿಟ್ಟೆನಲ್ಲ!

ಅವನ ನಗು ಆರಿಹೋಯಿತು. ಕೌಂಟರನ್ನು ಸುತ್ತಿಕೊಂಡು ಬಂದು ಅವಳ ಬಲಗಡೆ ನಿಂತ.

"ತಪ್ಪಾಯ್ತು. ಈಗ ಹೇಳಿ, ಏನು ಬೇಕಿತ್ತು?"

ಆ ಒಂದು ಸುತ್ತಿಗೇ ಅವಳ ಸಿಟ್ಟು ಅರ್ಧ ಇಳಿಯಿತು.

ಬೇಕಿದ್ದದ್ದು ತಂತಿಯಿಲ್ಲದ ಇಯರ್‌ಬಡ್, ಉಳಿಸಿಕೊಳ್ಳಬೇಕಿದ್ದದ್ದು ಒಂದು ಕೆಲಸ. ಜನ ಆಡಿದ ಮಾತನ್ನು ಕೇಳಿ ಅಕ್ಷರಕ್ಕಿಳಿಸುವ ಕಚೇರಿಯಲ್ಲಿ ಅವಳು ಟೈಪ್ ಮಾಡುತ್ತಿದ್ದಳು. ಎಡಗಡೆ ಗೋಡೆಯಿರುವ ಮೂಲೆಯ ಕುರ್ಚಿಯನ್ನೇ ಹಟ ಹಿಡಿದು ಪಡೆದಿದ್ದಳು. ಆ ಕಡೆಯಿಂದ ಯಾರೂ ಮಾತಾಡಿಸಬಾರದಲ್ಲ! ಮುಂದಿನ ಸೋಮವಾರದಿಂದ ಕೆಲಸವೆಲ್ಲ ಅವರವರ ಫೋನಿನಲ್ಲಿ, ಅವರವರ ಇಯರ್‌ಬಡ್‌ನಲ್ಲಿ. ಹೊಸ ರೆಕಾರ್ಡಿಂಗುಗಳ ಕ್ರಮವೂ ಹೊಸದು: ಪ್ರಶ್ನೆ ಎಡಗಿವಿಗೆ, ಉತ್ತರ ಬಲಗಿವಿಗೆ.

"ಅಂದ್ರೆ ನಿಮಗೆ ಬರೀ ಉತ್ತರ ಕೇಳ್ಸುತ್ತೆ," ಅಂದ ಅವನು, ಅವಳು ಹೇಳಿದ್ದನ್ನೆಲ್ಲ ಕೇಳಿ.

"ಅರ್ಧ ಬರೆಯೋಳನ್ನ ಯಾರು ಇಟ್ಕೋತಾರೆ? ದಯವಿಟ್ಟು... ಇದು ಯಾರಿಗೂ ಗೊತ್ತಾಗಬಾರದು."

"ನನ್ನ ಹೊಟ್ಟೆಯಿಂದ ಆಚೆ ಬರಲ್ಲ. ನಿಮ್ಮ ಕಿವಿಗೆ ಸರಿಯಾದ್ದನ್ನ ನಾನೇ ಆರಿಸಿಕೊಡ್ತೀನಿ. ಮಾತು ಕೊಟ್ಟೆ."

ಒಳಗಿನಿಂದ ಅಂಗಡಿ ಯಜಮಾನ, ಅವನ ಸೋದರಮಾವ, ಕೂಗಿದ. "ಲೋ ಅಳಿಯ, ಮಾತು ಆಮೇಲೆ ಕೊಡು, ಮೊದಲು ಮಾಲು ಕೊಡು!"

ಅವಳಿಗೆ ನಗು ಬಂತು. ಎಷ್ಟೋ ದಿನಗಳ ಮೇಲೆ.

*

ಆಮೇಲಿನ ಮೂರು ಸಂಜೆಯೂ ಅವಳು ಅಂಗಡಿಗೆ ಹೋದಳು. ಅಲ್ಲಿ ಪರೀಕ್ಷೆಗೆ ಇಟ್ಟ ಪ್ರತಿ ಜೋಡಿಗೂ ಅವನು ಒಂದು ಹೆಸರು ಕೊಟ್ಟಿರುತ್ತಿದ್ದ. ಫೋನಿನ ಪಟ್ಟಿಯಲ್ಲಿ ಒಂದಕ್ಕೊಂದು ಬೆರೆಯಬಾರದೆಂದು ಆ ಹೆಸರುಗಳನ್ನು ಇಯರ್‌ಬಡ್‌ನೊಳಗೇ ಬರೆದಿಡುತ್ತಿದ್ದ. ಕಿವಿಯಲ್ಲಿ ನಿಲ್ಲದೆ ಬೀಳುವುದು 'ಜಾರುಬಂಡೆ'. ಬೇಗ ಚಾರ್ಜು ಮುಗಿಯುವುದು 'ಸೋಮಾರಿ'.

"ಇದು 'ಅಂಟುಪುರ್ಲೆ', ಒಂದಕ್ಕೊಂದು ಅಂಟಿಕೊಂಡೇ ಇರೋ ಜೋಡಿ. ಎಡದ್ದು ಡಬ್ಬಿ ಸೇರಿದ್ರೆ ಬಲದ್ದೂ ಸತ್ತುಹೋಗುತ್ತೆ. ನಿಮಗೆ ಬೇಡ. ಒಂಟಿಯಾಗಿ ದುಡಿಯೋ ಗಟ್ಟಿಗಿತ್ತಿ ಬೇಕು."

"ನನ್ನ ಹಾಗೆ."

"ನಿಮ್ಮ ಹಾಗೇ..." ಅಂದವನ ಕಿವಿ ಕೆಂಪಾಯಿತು.

ಪರೀಕ್ಷೆಗೆಂದು ಅವನದೇ ದನಿಯ ರೆಕಾರ್ಡಿಂಗ್ ಒಂದಿತ್ತು. 'ಒಂದು... ಎರಡು... ಮೂರು...' ಅಷ್ಟೇ.

"ನಡುನಡುವೆ ಯಾಕೆ ಇಷ್ಟೊತ್ತು ಸುಮ್ಮನಿರುತ್ತೆ?"

"ಅದಾ? ಅದು... ಎಣಿಸೋನು ಉಸಿರು ತಗೋಬೇಡ್ವಾ?"

ಗುಡ್ಡದ ಕಥೆಯನ್ನೂ ಅವಳು ಅವನಿಗೆ ಹೇಳಿದಳು. ಅವನು ನಗಲಿಲ್ಲ. "ಅಕ್ಕನಿಗೆ ನಿದ್ದೆ..." ಎಂದಷ್ಟೇ ಮೆಲ್ಲಗೆ ಗುನುಗಿದ.

ಆ ದಿನ ಮನೆಗೆ ಬಂದ ಮೊಮ್ಮಗಳ ಮುಖ ನೋಡಿ ಅಜ್ಜಿ ಕೇಳಿದಳು. "ಏನೇ ಗುಬ್ಬಿ, ಕಿವಿಗೆ ಗುಂಡಿ ಆರಿಸೋಕೆ ಮೂರು ದಿನಾನಾ? ನಾನು ಗಂಡನ್ನೇ ಒಂದು ಮಧ್ಯಾಹ್ನದಲ್ಲಿ ಆರಿಸಿದೆ!"

*

ಭಾನುವಾರ ಅವಳು ಹೋದಾಗ ಅವನಿರಲಿಲ್ಲ, ಸರಕು ತರಲು ಹೋಗಿದ್ದ. ಅವನ ಮಾವ ಮೇಜಿನ ಕೆಳಗಿನಿಂದ ಪುಟ್ಟ ಬಿಳಿ ಡಬ್ಬಿ ತೆಗೆದುಕೊಟ್ಟ. "ನಿಮಗೇ ಅಂತ ಎತ್ತಿಟ್ಟಿದಾನೆ, ತಗೊಳ್ಳಿ."

ಸೋಮವಾರ ಬೆಳಿಗ್ಗೆ ಹತ್ತು ಗಂಟೆ. ಕಚೇರಿಯ ಮೇಡಂ ಚಪ್ಪಾಳೆ ತಟ್ಟಿದರು.

"ಎಲ್ಲರೂ ನಿಮ್ಮ ನಿಮ್ಮ ಇಯರ್‌ಬಡ್ ಫೋನಿಗೆ ಜೋಡಿಸ್ಕೊಳ್ಳಿ."

ಹನ್ನೆರಡು ಡಬ್ಬಿಗಳು ಒಟ್ಟಿಗೆ ತೆರೆದವು. ಹನ್ನೆರಡು ಫೋನುಗಳೂ ಸುತ್ತಲಿದ್ದ ಹೆಸರುಗಳನ್ನೆಲ್ಲ ಹುಡುಕಿ ಪಟ್ಟಿ ಮಾಡತೊಡಗಿದವು. ಕಂಪನಿಯ ಹೆಸರುಗಳು, ಅಂಕಿಗಳು... ಅವುಗಳ ನಡುವೆ ಒಂದು...

'ಎಡಗಿವಿ ನಿದ್ದೆ.'

"ಏಯ್! ಯಾರದ್ರೋ ಇದು, ಎಡಗಿವಿ ನಿದ್ದೆ?" ಎಂದು ಎಲ್ಲರೂ 'ರೇಡಿಯೋ' ಎಂದೇ ಕರೆಯುವ ಸಹೋದ್ಯೋಗಿ ಎದ್ದು ನಿಂತು ಕೂಗಿದ. "ನನ್ನ ಫೋನಲ್ಲಿ ಬಂತು!"

"ನಂದರಲ್ಲೂ!"

"ನಿದ್ದೆ ಮಾಡೋ ಕಿವಿ ಯಾರದಪ್ಪಾ? ಎಬ್ಬಿಸ್ರೋ!"

ಕೋಣೆ ತುಂಬ ನಗು. ಅವಳು ಸರಕ್ಕನೆ ಡಬ್ಬಿ ಮುಚ್ಚಿದಳು. ಎಲ್ಲರ ಫೋನಿನಿಂದಲೂ ಆ ಹೆಸರು ಮಾಯವಾಯಿತು. ಅದೇ ತಪ್ಪಾಯಿತು. ಹನ್ನೊಂದು ಮುಖಗಳು ಅವಳ ಕೈಯತ್ತ ತಿರುಗಿದವು.

ರೇಡಿಯೋ ನಿಧಾನವಾಗಿ ಅಂದ. "ಓ... ಅದಕ್ಕೇನಾ ನೀವು ಯಾವಾಗಲೂ ಗೋಡೆ ಪಕ್ಕಾನೇ ಕೂರೋದು?"

ಈಗ ಯಾರೂ ನಗಲಿಲ್ಲ. ನಕ್ಕಿದ್ದರೇ ಚೆನ್ನಾಗಿತ್ತು.

ಮೇಡಂ ಒಳಗೆ ಕರೆದರು. "ಯಾಕಮ್ಮ ಮೊದಲೇ ಹೇಳಲಿಲ್ಲ? ನಾನೇನು ಹುಲೀನಾ? ಒಂದು ವಾರ ಕೊಡ್ತೀನಿ. ಮುಂದಿನ ಸೋಮವಾರ ಪ್ರಶ್ನೆ, ಉತ್ತರ ಎರಡನ್ನೂ ಬರೆದು ತೋರಿಸಬೇಕು. ಆಗದಿದ್ರೆ ಈ ಕೆಲಸಕ್ಕೆ ಬೇರೆಯವರನ್ನ ನೋಡ್ತೀನಿ."

ಬೇರೆಯವರನ್ನ... ಅವಳಿಗೆ ಅದಕ್ಕಿಂತ ಹೆಚ್ಚು ಚುಚ್ಚಿದ್ದು ಫೋನುಗಳ ಮೇಲೆ ಮೂಡಿದ್ದ ಆ ಎರಡು ಪದ.

ನನ್ನ ಅಜ್ಜಿಯ ಕಥೆ. ನನ್ನ ಗುಟ್ಟು. ಜಾರುಬಂಡೆ, ಸೋಮಾರಿ, ಅಂಟುಪುರ್ಲೆ... ಅವುಗಳ ಸಾಲಿನಲ್ಲಿ ನಾನೂ ಒಂದು ತಮಾಷೆಯ ಹೆಸರು!

ಅಂದು ಸಂಜೆ ಅಂಗಡಿಯ ಕೌಂಟರಿನ ಮೇಲೆ ಡಬ್ಬಿಯನ್ನು ಕುಕ್ಕಿದಳು.

"ಹೊಟ್ಟೆಯಿಂದ ಆಚೆ ಬರಲ್ಲ ಅಂದ್ರಲ್ಲ? ಇಡೀ ಆಫೀಸು ಓದ್ತು. ಜೋರಾಗಿ ಓದ್ತು!"

ಅವನು ಡಬ್ಬಿ ನೋಡಿದ. ಮುಖದ ಬಣ್ಣ ಇಳಿದುಹೋಯಿತು. "ಇದು ನಿಮ್ಮ ಕೈಗೆ ಹೇಗೆ..."

"ನಿಮ್ಮನ್ನ ನಂಬಿದ್ದೆ. ಹೊರಗಿನವರಲ್ಲಿ ನಿಮಗೊಬ್ಬರಿಗೇ ಹೇಳಿದ್ದೆ. ಈಗ ಎಲ್ಲರಿಗೂ ಗೊತ್ತು. ಧನ್ಯವಾದ!"

ಅವನೆದುರು ಅಳಬಾರದೆಂದು ಸರ್ರನೆ ತಿರುಗಿ ಹೊರಟಳು. ಹಿಂದೆಯೇ ಓಡಿ ಬಂದವನು ಬಾಗಿಲವರೆಗೂ ಅವಳ ಪಕ್ಕದಲ್ಲೇ ನಡೆದ. ಒಂದು ಮಾತಿಲ್ಲ. ಒಂದು 'ಕ್ಷಮಿಸಿ' ಇಲ್ಲ!

ಅಷ್ಟೂ ಅನ್ನಿಸಲಿಲ್ಲವೇ ಅವನಿಗೆ?

*

ಆ ವಾರವೆಲ್ಲ ಅವಳು ಕಚೇರಿಯ ಹಳೆಯ ಹೆಡ್‌ಫೋನ್ ಹಾಕಿಕೊಂಡು, ಪ್ರಶ್ನೆಯಿಲ್ಲದ ಉತ್ತರಗಳನ್ನು ಟೈಪ್ ಮಾಡಿದಳು. 'ಹೌದು, ತುಂಬ ನೋವಿದೆ.' 'ಇಲ್ಲ, ಅವನು ಹೇಳಿಯೇ ಇಲ್ಲ.' 'ಗೊತ್ತಿದ್ದರೆ ಹೀಗಾಗುತ್ತಿರಲಿಲ್ಲ.' ಯಾರದೋ ಮಾತುಗಳು. ಎಲ್ಲವೂ ತನ್ನವೇ ಅನ್ನಿಸುತ್ತಿದ್ದವು.

ರೇಡಿಯೋ ಈಗ ಬಲಗಡೆಯಿಂದಲೇ ಬಂದು, ಮಗುವಿನೊಡನೆ ಮಾತಾಡುವಂತೆ ಒಂದೊಂದೇ ಪದ ಬಿಡಿಸಿ ಮಾತಾಡುತ್ತಿದ್ದ. ಅದಂತೂ ನಗುವಿಗಿಂತ ಅಸಹ್ಯ!

ಶನಿವಾರ ಮಧ್ಯಾಹ್ನ ಅಜ್ಜಿ ಅವಳ ತಲೆಗೆ ಎಣ್ಣೆ ತಟ್ಟುತ್ತಾ ಎಲ್ಲವನ್ನೂ ಬಾಯಿಬಿಡಿಸಿದಳು.

"ಒಂದು ಮಾತೂ ಆಡಲಿಲ್ವಾ ಅವನು?"

"ಇಲ್ಲ ಅಜ್ಜಿ. ಬಾಗಿಲವರೆಗೂ ಬಂದ, ಬಾಯೇ ಬಿಡಲಿಲ್ಲ."

"ಯಾವ ಕಡೆ ಬಂದ?"

"ಅಂದ್ರೆ?"

"ಎಡಕ್ಕೋ ಬಲಕ್ಕೋ, ಹುಡುಗಿ?"

ಅವಳು ಕಣ್ಣು ಮುಚ್ಚಿದಳು. ಕೌಂಟರು... ತಿರುಗಿದ್ದು... ಬಾಗಿಲು... ಬಲಗಡೆ ಗಾಜಿನ ಕಪಾಟು. ಅವನು ನಡೆದಿದ್ದು...

"ಎಡಕ್ಕೆ," ಅಂದಳು.

ಅಜ್ಜಿ ಅವಳ ನೆತ್ತಿಗೆ ಫಟ್ಟನೆ ಒಂದು ಕೊಟ್ಟಳು. "ನಿನಗೆ ಕೇಳಿಸಲಿಲ್ಲ ಅಂದ್ರೆ ಅವನು ಹೇಳಲಿಲ್ಲ ಅಂತಾನಾ, ಪೆದ್ದೀ?"

"ಆದ್ರೂ ಬರೆದದ್ದು ಬರೆದದ್ದೇ ಅಲ್ವಾ, ಅಜ್ಜಿ?"

"ಅದನ್ನೂ ಕೇಳು. ಬಲಗಿವಿ ಕೊಟ್ಟು ಕೇಳು. ಆಮೇಲೆ ಬೈಯೋದಿದ್ರೆ ನಾನೂ ಬರ್ತೀನಿ."

*

ಭಾನುವಾರ ಅಂಗಡಿಯ ಮೆಟ್ಟಿಲು ಹತ್ತುವಾಗಲೇ ಮಾವನ ಕೂಗು ಕೇಳಿಸಿತು. "ಲೋ ಕಿವುಡಪ್ಪ! ಎಷ್ಟು ಸಲ ಕರೀಬೇಕೋ?"

ಅವನು ಮೇಜಿನ ಮೇಲೆ ಬಾಗಿ ಏನೋ ತಿರುವುತ್ತಿದ್ದ. ಮಾವ ಕೂಗಿದ್ದು ಎಡಗಡೆಯಿಂದ. ಅವನು ತಲೆ ಎತ್ತಲಿಲ್ಲ. ಅವನ ಎಡಗಿವಿ ತುಂಬ ಹತ್ತಿ, ಅದರ ಮೇಲೆ ಮೇಣ!

"ಸೋಮವಾರದಿಂದ ಹೀಗೇ ನೋಡಮ್ಮ," ಎಂದು ಮಾವ ಅವಳಿಗೆ ದೂರು ಹೇಳಿದ. "ಮೊನ್ನೆ ಸೈಕಲ್‌ನವನು ಗುದ್ದಿಯೇಬಿಡ್ತಿದ್ದ."

ಅವಳು ಅವನ ಬಲಗಡೆಗೆ ಹೋಗಿ ನಿಂತಳು. "ಇದೇನಿದು?"

ಅವನು ಬೆಚ್ಚಿ ಎದ್ದ. ಕುರ್ಚಿ ಬಿತ್ತು.

"ನೀವು... ಅವತ್ತು ನಿಮ್ಮ ಎಡಗಡೆ ನಡ್ಕೊಂಡು ಏನೇನೋ ಹೇಳಿದೆ. ಮನೆಗೆ ಹೋದ ಮೇಲೆ ಹೊಳೀತು. ನಿಮ್ಮ ಹತ್ರ ನಂಬರೂ ಇಸ್ಕೊಂಡಿರಲಿಲ್ಲ. ಎಲ್ಲಿ ನಿಂತು ಮಾತಾಡ್ಬೇಕು ಅಂತಲೇ ಗೊತ್ತಿಲ್ದೋನು ನಿಮಗೆ ಆರಿಸಿಕೊಡೋದೇನು ಅಂತ... ಅವತ್ತೇ ಹತ್ತಿ ತುರುಕಿದೆ."

"ಏನು ಹೇಳಿದ್ರಿ ಅವತ್ತು? ಈಗ ಹೇಳಿ."

"ಆ ಇಯರ್‌ಬಡ್ ಕೆಲಸ ಇನ್ನೂ ಪೂರ್ತಿ ಆಗಿರಲಿಲ್ಲ. ಯಾವುದು ನಿಮ್ಮದು ಅಂತ ನನಗೆ ಗುರುತಿಗೆ ಬರೆದ ಹೆಸರು. ಕೊಡೋ ಮುಂಚೆ ಅಳಿಸ್ಬೇಕಿತ್ತು, ಮಾವ ಕೊಟ್ಬಿಟ್ರು. ಆದ್ರೆ..." ಅವನು ತಲೆ ತಗ್ಗಿಸಿದ. "ಮಾವನ ತಪ್ಪಲ್ಲ. ಗುಟ್ಟು ಅಂತ ಹೇಳಿದ್ದನ್ನ ನಾನು ಎಲ್ಲೂ ಬರೀಬಾರದಿತ್ತು. ತಪ್ಪು ನಂದೇ."

ಅವಳು ಒಂದು ವಾರದಿಂದ ಕಾಯ್ದಿದ್ದ ಮಾತು ಅದೊಂದೇ. ಸಿಟ್ಟಿನ ಗಂಟು ಅಲ್ಲೇ ಸಡಿಲಾಯಿತು... ಆದರೆ ಪೂರ್ತಿ ಬಿಚ್ಚಲಿಲ್ಲ.

"ನನ್ನ ಕಿವಿಗೆ ಸರಿಯಾದ್ದು ಆರಿಸಿಕೊಡ್ತೀನಿ ಅಂತ ಕೊಟ್ಟ ಮಾತು?"

"ಸಿಕ್ಕಿದೆ! ನಿಮ್ಮ ಫೋನ್ ಕೊಡಿ."

ಒಂಟಿಯಾಗಿ ದುಡಿಯುವ ಆ ಬಿಳಿ ಗಟ್ಟಿಗಿತ್ತಿಯನ್ನೇ ಅವಳ ಬಲಗಿವಿಗೆ ಇಟ್ಟ. ಅವಳ ಫೋನಿನ ಸೆಟ್ಟಿಂಗ್ಸ್ ಒಳಗೆ, ಅದರೊಳಗೆ, ಇನ್ನೂ ಒಳಗೆ ಹೋಗಿ ಒಂದು ಗುಂಡಿ ತೋರಿಸಿದ. 'ಮೊನೊ ಆಡಿಯೊ'.

"ಇಷ್ಟು ವರ್ಷ ಮಾರಿದೀನಿ, ಇದನ್ನ ಒತ್ತಿ ನೋಡಿರಲಿಲ್ಲ. ನನಗೇ ಒಂದು ಕಿವಿ ಹೋದ ಮೇಲೆ ಹುಡುಕಿದೆ. ಎಡದ ಮಾತನ್ನೂ ಬಲಕ್ಕೇ ತಂದು ಸೇರಿಸುತ್ತೆ."

ಅವಳು ಕಚೇರಿಯ ರೆಕಾರ್ಡಿಂಗ್ ಒಂದನ್ನು ಒತ್ತಿದಳು. ವಾರವೆಲ್ಲ ಕೇಳಿದ್ದ ಅದೇ ಹೆಂಗಸಿನ ದನಿ ಬರುವ ಮೊದಲು, ಮೊಟ್ಟಮೊದಲ ಸಲ, ವೈದ್ಯರೊಬ್ಬರು ಮೃದುವಾಗಿ ಕೇಳಿದರು.

'ನೋವು ಇದೆಯೇನಮ್ಮ?'

'ಹೌದು, ತುಂಬ ನೋವಿದೆ.'

ಅವಳ ಕಣ್ಣು ತುಂಬಿ ಬಂತು. ಕೆಲಸ ಉಳಿಯಿತು... ಅಷ್ಟೇ ಅಲ್ಲ, ಅಕ್ಕನ ಪಾಲು ಗುಡ್ಡ ದಾಟಿ ಬಂದಿತ್ತು!

"ನಿಮ್ಮ 'ಒಂದು, ಎರಡು, ಮೂರು' ಹಾಕಿ, ಅದನ್ನೂ ಕೇಳ್ತೀನಿ."

"ಅದು ಬೇಡ!" ಅವನು ಹೌಹಾರಿದ. "ಅದು ಹಳೇದು... ಕೆಟ್ಟೋಗಿದೆ..."

"ಹಾಕ್ತೀರೋ, ಅಜ್ಜೀನ ಕರ್ಕೊಂಡು ಬರ್ಲೋ?"

ಅವನು ಆ ರೆಕಾರ್ಡಿಂಗನ್ನು ಅವಳ ಫೋನಿಗೆ ಕಳಿಸಿ, ಗಲ್ಲಿಗೇರುವವನಂತೆ ಕಣ್ಣು ಮುಚ್ಚಿ ನಿಂತ.

'ಒಂದು.'

'ನೀವು.'

'ಎರಡು.'

'ದಿನಾ.'

'ಮೂರು.'

'ಬರ್ತೀರಾ?'

ಹೊರಗೆ ರಸ್ತೆಯಲ್ಲಿ ಯಾವುದೋ ಗಾಡಿ ಹಾರ್ನ್ ಹೊಡೆಯಿತು. ಅವಳಿಗೆ ಕೇಳಿಸಲಿಲ್ಲ.

"ಕೇಳಿಸದ ಕಿವಿಗೆ ಹೇಳಿದ್ರಾ? ಹೇಡಿ!"

"ಕೇಳ್ಸೋ ಕಿವಿಗೆ ಹೇಳೋ ಧೈರ್ಯ ಇರಲಿಲ್ಲ."

ಅವಳು ಸುತ್ತಿಕೊಂಡು ಅವನ ಎಡಗಡೆಗೆ ಹೋದಳು. ಹತ್ತಿ ತುಂಬಿದ ಕಿವಿಯ ಬಳಿ ಬಾಗಿ, ಮೆಲ್ಲಗೆ ಒಂದು ಮಾತು ಹೇಳಿದಳು.

"ಏನಂದ್ರಿ? ಆ ಕಡೆ ಕೇಳಿಸಲ್ಲ..."

"ಗೊತ್ತು. ಈಗ ಸಮ ಆಯ್ತು." ಮತ್ತೆ ಬಲಗಡೆಗೆ ಬಂದಳು. "ದಿನಾ ಬರ್ತೀನಿ ಅಂದೆ."

ಅವನ ಮುಖವೆಲ್ಲ ನಗುವಾಯಿತು. ಒಳಗಿನಿಂದ ಮಾವ ಗೊಣಗಿದ. "ಮಾತು ಕೊಟ್ಟಾಯ್ತಲ್ಲ, ಈಗಲಾದ್ರೂ ಮಾಲು ಕೊಡೋ!"

ಅವನು ಫೋನನ್ನು ಅವಳತ್ತ ಸರಿಸಿದ. ಪರದೆಯ ಮೇಲೆ ಹಳೆಯ ಹೆಸರು ಅಳಿಸಿ, ಖಾಲಿ ಜಾಗದಲ್ಲಿ ಗೆರೆಯೊಂದು ಮಿಣುಕುತ್ತಿತ್ತು.

"ಈ ಸಲ ನೀವೇ ಬರೀರಿ. ಯಾರು ಓದಿದ್ರೂ ಪರವಾಗಿಲ್ಲ ಅನ್ನೋ ಹೆಸರು."

ಅವಳು ಒಂದು ಕ್ಷಣವೂ ಯೋಚಿಸಲಿಲ್ಲ. 'ಅಕ್ಕತಂಗಿ' ಎಂದು ಬರೆದು ಒತ್ತಿದಳು. ಕಿವಿಯಲ್ಲಿ ಸಣ್ಣಗೆ 'ಟಿಂಗ್' ಎಂದಿತು.

"ಆಯ್ತಾ?" ಎಂದು ಅವನು ಕೇಳಿದ.

"ಆಯ್ತು. ಅಜ್ಜಿಗೆ ಹೇಳ್ಬೇಕು."

"ಏನಂತ?"

"ದಾರೀಲಿದ್ದೋನು ಬಂದ ಅಂತ."