ಡ್ರಾಯರಿನಲ್ಲಿಟ್ಟ ಫೋನು

ನಂಬಿದರೆ ನಂಬಿ, ಬಿಟ್ಟರೆ ಬಿಡಿ. ನಮ್ಮ ಭಾವ ಟೈಲರು. ಇಷ್ಟು ವರ್ಷ ಕಣ್ಣಳತೆಯಲ್ಲೇ ಅಂಗಿ ಕತ್ತರಿಸಿದವರು, ಈಗ ಫೋನಿನ ವಿಡಿಯೋದಲ್ಲಿ ಒಬ್ಬ ಹೆಂಗಸು ಹೇಳಿಕೊಡದೆ ಕತ್ತರಿ ಎತ್ತುವುದಿಲ್ಲ. ಬೇಡ ಬೇಡವೆಂದು ಹೇಳಿ ನನ್ನ ಬಾಯಿ ಒಣಗಿತು. ಅವರದೇ ಅಂಗಡಿಯಲ್ಲಿ ಗುಂಡಿ ಹೊಲಿಯುವ ನನ್ನ ಮಾತು ಯಾರಿಗೆ ಬೇಕು?

ಮೊನ್ನೆ ಮಧ್ಯಾಹ್ನ ರೇಗಿಹೋಗಿ ಫೋನು ಕಸಿದುಕೊಂಡೆ. ಸ್ವಿಚ್ ಆಫ್ ಮಾಡಿ, ಡ್ರಾಯರಿನಲ್ಲಿಟ್ಟು ಬೀಗ ಹಾಕಿದೆ.

"ಈಗ ಸ್ವಲ್ಪ ಸ್ವಂತ ತಲೆ ಓಡ್ಸಿ ಭಾವ."

ಭಾವ ಬಟ್ಟೆ ಹರಡಿಕೊಂಡು ಕತ್ತರಿ ಮುಟ್ಟದೆ ಕೂತರು. ಹೆಬ್ಬೆರಳು ಮಾತ್ರ ಬಟ್ಟೆಯನ್ನು ಮತ್ತೆ ಮತ್ತೆ ಮೇಲಕ್ಕೆ ಸವರುತ್ತಿತ್ತು. ಉರಿಬಿಸಿಲಿನಲ್ಲೂ ಅಂಗಡಿ ಯಾಕೋ ತಣ್ಣಗಾಯಿತು.

ಆಗ ಅದೇ ಹೆಂಗಸಿನ ದನಿ ಕೇಳಿಸಿತು: "ಕಂಕುಳ ಹತ್ರ ಅರ್ಧ ಇಂಚು ಒಳಗೆ ತಗೊಳ್ಳಿ."

ಭಾವ ಕತ್ತರಿ ಆಡಿಸತೊಡಗಿದರು. ದನಿ ತೋಳಿಗೆ ಬಂತು, ಕಾಲರಿಗೆ ಬಂತು. ನಾನು ಎದ್ದು ಡ್ರಾಯರ್ ತೆಗೆದೆ. ಫೋನು ಆಫ್ ಆಗಿಯೇ ಇತ್ತು, ಮುಟ್ಟಿದರೆ ಮಂಜುಗಡ್ಡೆ. ಗಾಬರಿಯಲ್ಲಿ ನನಗೆ ಉಸಿರು ಕಟ್ಟಿತು. ದನಿಯೂ ಅಲ್ಲಿಗೇ ನಿಂತಿತು.

ಭಾವ ನನ್ನತ್ತ ತಿರುಗಿ ಸಿಡುಕಿದರು: "ಯಾಕೋ ನಿಲ್ಲಿಸ್ಬಿಟ್ಟೆ? ಮುಂದೆ ಹೇಳು."

ಕತ್ತರಿ ಕೆಲಸದ ಗಂಧಗಾಳಿಯೂ ನನಗಿಲ್ಲ. ಅಂಗಿ ಮಾತ್ರ ಗಿರಾಕಿಯ ಮೈಗೆ ಅಚ್ಚುಕಟ್ಟಾಗಿ ಕೂತಿತು.