ಪಾಸ್‌ಪೋರ್ಟಿಗೊಂದು ಚೀಟಿ

೨೦೧೫ರ ಮಾರ್ಚ್ ೮, ಭಾನುವಾರ. ಬೆಳಿಗ್ಗೆ ೯.೪೦ಕ್ಕೆ ದುಬೈಯ ದೇರಾದ ಪೊಲೀಸ್ ಠಾಣೆಗೆ ಒಂದು ದೂರು ಬಂತು. ಪಾಸ್‌ಪೋರ್ಟ್ ಕಳೆದುಹೋಗಿದೆ. ಶುಕ್ರವಾರ ಶನಿವಾರದ ರಜೆ ಮುಗಿದ ಮಾರನೆಯ ದಿನ ಆ ಠಾಣೆಯಲ್ಲಿ ಇಂಥ ದೂರಿಗೆ ಬರವೇ ಇಲ್ಲ. ನಮ್ಮೂರಿನ ಎಫ್‌ಐಆರ್ ಪುಸ್ತಕದ ಬದಲು ಇಲ್ಲಿ ಕಂಪ್ಯೂಟರ್ ಇದೆ, ಅಷ್ಟೇ ವ್ಯತ್ಯಾಸ. ಬರೆದುಕೊಳ್ಳುವವರ ಆಕಳಿಕೆ ಎರಡು ಕಡೆಯೂ ಒಂದೇ.

ದೂರುದಾರಳು ವಸಂತಿ, ನಲವತ್ತೊಂದು ವರ್ಷ, ಕರಾವಳಿಯ ಸೋಮಕಟ್ಟೆ ಮಹಾನಗರ ಪಾಲಿಕೆಯ ಹನ್ನೆರಡನೆಯ ವಾರ್ಡಿನ ಕಾರ್ಪೊರೇಟರ್. ಜೊತೆಗೆ ಬಂದವನು ಅವಳ ತಮ್ಮ ಧರ್ಮಪಾಲ, ದುಬೈಯಲ್ಲಿ ಎ.ಸಿ. ಮೆಕ್ಯಾನಿಕ್. ಅಕ್ಕ ಗುರುವಾರ ವಿಸಿಟ್ ವೀಸಾದಲ್ಲಿ ಬಂದವಳು. ಮಂಗಳವಾರ ರಾತ್ರಿ ೮.೪೦ಕ್ಕೆ ವಾಪಸು ವಿಮಾನ.

ವಿಚಾರಣೆಗೆ ಕೂತವನು ಲೆಫ್ಟಿನೆಂಟ್ ಖಲ್ಫಾನ್, ಈ ದೇಶದವನೇ. ಮಾತು ತಿರುಗಿಸಿ ಹೇಳಲು ಠಾಣೆಯ ದುಭಾಷಿ ಅಹ್ಮದ್ ಇದ್ದ. ಅಹ್ಮದ್ ಉಳ್ಳಾಲದ ಕಡೆಯ ಬ್ಯಾರಿ. ಹತ್ತೊಂಬತ್ತು ವರ್ಷದಿಂದ ಅದೇ ಕುರ್ಚಿಯಲ್ಲಿ ಕೂತು ಜನರ ಸುಳ್ಳನ್ನೂ ನಿಜವನ್ನೂ ಕನ್ನಡ, ತುಳು, ಮಲಯಾಳಂಗಳಿಂದ ಅರಬಿಗೆ ಸಾಗಿಸಿದವನು.

“ಎಲ್ಲಿ ಕಳೆಯಿತು?”

“ಮೀನು ಮಾರ್ಕೆಟಿನಲ್ಲಿ. ನಿನ್ನೆ ಸಂಜೆ ಐದು ಗಂಟೆಗೆ,” ಎಂದ ಧರ್ಮಪಾಲ.

“ಯಾರ ಹತ್ತಿರ ಇತ್ತು?”

“ನನ್ನ ಬ್ಯಾಗಲ್ಲಿ. ಯಾರೋ ಪಟ್ಟಿ ಕತ್ತರಿಸಿ ಬ್ಯಾಗನ್ನೇ ಎಗರಿಸಿದ್ರು.”

“ಅಕ್ಕನ ಪಾಸ್‌ಪೋರ್ಟ್ ನಿನ್ನ ಬ್ಯಾಗಿನಲ್ಲಿ ಯಾಕೆ?”

“ಇಲ್ಲಿ ಹಾಗೇ ಅಲ್ವಾ ಸರ್. ಪಾಸ್‌ಪೋರ್ಟ್ ಅವರವರ ಹತ್ರ ಎಲ್ಲಿರ್ತದೆ?”

ಅಹ್ಮದ್ ಇದನ್ನೂ ಅನುವಾದಿಸಿದ. ಲೆಫ್ಟಿನೆಂಟ್ ಒಂದು ಕ್ಷಣ ಧರ್ಮಪಾಲನನ್ನು ನೋಡಿದ, ಆದರೆ ಆ ಉತ್ತರವನ್ನು ಬರೆದುಕೊಳ್ಳಲಿಲ್ಲ.

ಕೇಳಿದ್ದು ಅಕ್ಕನನ್ನು, ಉತ್ತರ ಕೊಡುತ್ತಿದ್ದವನು ತಮ್ಮ. ವಸಂತಿ ಬಾಯಿ ತೆರೆದದ್ದು ಕೊನೆಯಲ್ಲಿ ಮಾತ್ರ. ಹೊಸ ಕಾಗದಪತ್ರ ಸಿಗಲು ಎಷ್ಟು ದಿನ ಬೇಕು ಎಂದು ಕೇಳಿದಳು. ಪೊಲೀಸ್ ವರದಿ, ಕಾನ್ಸುಲೇಟಿನ ತಾತ್ಕಾಲಿಕ ಪತ್ರ, ಆಮೇಲೆ ವಲಸೆ ಇಲಾಖೆಯ ಮುದ್ರೆ. ಎಷ್ಟು ಬೇಗವೆಂದರೂ ಗುರುವಾರ ಎಂದ ಅಹ್ಮದ್.

“ಬುಧವಾರ ಹನ್ನೊಂದು ಗಂಟೆಗೆ ನಾನು ಸೋಮಕಟ್ಟೆಯಲ್ಲಿ ಇರ್ಬೇಕು ಅಣ್ಣ,” ಎಂದಳು ವಸಂತಿ. “ಇಲ್ಲದಿದ್ರೆ ಎಲ್ಲ ಹೋಯ್ತು.”

ಏನು ಹೋಯ್ತು ಎಂಬುದನ್ನು ಲೆಫ್ಟಿನೆಂಟನಿಗೆ ತಿಳಿಸಲು ಅಹ್ಮದನಿಗೆ ಅರ್ಧ ಗಂಟೆ ಹಿಡಿಯಿತು. ಬುಧವಾರ ಸೋಮಕಟ್ಟೆಯಲ್ಲಿ ಮೇಯರ್ ಚುನಾವಣೆ. ಜನ ಓಟು ಹಾಕಿ ಆರಿಸಿದ ಮೂವತ್ತೈದು ಕಾರ್ಪೊರೇಟರುಗಳು ಸಭೆ ಸೇರಿ ಕೈ ಎತ್ತಿ ಮೇಯರನ್ನು ಆರಿಸಬೇಕು. ಈ ಸಲ ಆ ಕುರ್ಚಿ ಹಿಂದುಳಿದ ವರ್ಗದ ಮಹಿಳೆಗೆ ಮೀಸಲು. ಅದಕ್ಕೆ ಸಲ್ಲುವ ಹೆಂಗಸರು ಇಡೀ ಪಾಲಿಕೆಯಲ್ಲಿ ಇಬ್ಬರೇ. ಒಬ್ಬಳು ವಸಂತಿ, ಅವಳ ಪಕ್ಷಕ್ಕೆ ಹತ್ತೊಂಬತ್ತು ಜನ. ಇನ್ನೊಬ್ಬಳು ಅಶ್ಮಿತಾ, ಅವಳ ಕಡೆ ಹದಿನಾರು. ವಸಂತಿ ಬಂದು ಸಹಿ ಹಾಕದಿದ್ದರೆ ಹತ್ತೊಂಬತ್ತು ಜನರ ಪಕ್ಷಕ್ಕೆ ಅಭ್ಯರ್ಥಿಯೇ ಇಲ್ಲ. ಹದಿನಾರು ಜನರ ಅಶ್ಮಿತಾ ಎದುರಾಳಿಯಿಲ್ಲದೆ ಮೇಯರ್.

ಹಾಗಿದ್ದರೆ ಚುನಾವಣೆಗೆ ಆರು ದಿನ ಇರುವಾಗ ಈ ಹೆಂಗಸು ದುಬೈಗೆ ಯಾಕೆ ಬಂದಳು ಎಂದು ಲೆಫ್ಟಿನೆಂಟ್ ಕೇಳಿದ. ನ್ಯಾಯವಾದ ಪ್ರಶ್ನೆ. ಮೇಯರ್ ಚುನಾವಣೆ ಹತ್ತಿರ ಬಂತೆಂದರೆ ನಮ್ಮ ಪಕ್ಷಗಳಿಗೆ ತಮ್ಮ ಸದಸ್ಯರ ಮೇಲೆ ಎಲ್ಲಿಲ್ಲದ ಮಮತೆ ಉಕ್ಕುತ್ತದೆ. ಬಸ್ಸಿನಲ್ಲಿ ತುಂಬಿ ರೆಸಾರ್ಟಿಗೆ ಒಯ್ದು, ಮೊಬೈಲ್ ಕಿತ್ತಿಟ್ಟುಕೊಂಡು, ಊಟ ಹಾಕಿ ಕಾವಲು ಕಾಯುತ್ತಾರೆ. ಹೆಂಗಸನ್ನು ಗಂಡಸರ ನಡುವೆ ರೆಸಾರ್ಟಿನಲ್ಲಿ ಇಡುವುದು ಹೇಗೆ ಎಂದು ತಲೆ ಕೆರೆದುಕೊಳ್ಳುತ್ತಿದ್ದಾಗ, ನನಗೆ ಮೈ ಹುಷಾರಿಲ್ಲ, ಒಮ್ಮೆ ಬಂದು ಹೋಗು ಎಂದು ತಮ್ಮನ ಫೋನು. ದುಬೈಗಿಂತ ಭದ್ರವಾದ ಜಾಗ ಯಾವುದು, ಅಲ್ಲಿ ಯಾರಿಗೂ ಸಿಗುವುದಿಲ್ಲ ಎಂದು ಪಕ್ಷದವರೇ ಖುಷಿಯಿಂದ ಟಿಕೆಟ್ ತೆಗೆಸಿದರು. ಬುದ್ಧಿವಂತರು.

“ಅವಳು ಹೋಗದಿದ್ದರೆ ಯಾರಿಗೆ ಲಾಭ ಎಂದು ಗೊತ್ತಾಯಿತು. ಆ ಅಶ್ಮಿತಾಳ ಮನೆಯವರು ಯಾರಾದರೂ ಇಲ್ಲಿದ್ದಾರೆಯೇ?” ಎಂದು ಲೆಫ್ಟಿನೆಂಟ್ ಕೇಳಿದ. ಅಹ್ಮದ್ ವಿಚಾರಿಸುತ್ತೇನೆ ಎಂದ.

ಮಾರ್ಚ್ ೯, ಸೋಮವಾರ. ಮಧ್ಯಾಹ್ನ ೧೨.೧೫ಕ್ಕೆ ಮೀನು ಮಾರ್ಕೆಟಿನ ಕ್ಯಾಮೆರಾದ ದೃಶ್ಯ ಠಾಣೆಗೆ ಬಂತು. ಶನಿವಾರ ಸಂಜೆ ೪.೫೮ಕ್ಕೆ ಧರ್ಮಪಾಲ ಒಳಗೆ ಹೋಗಿದ್ದಾನೆ. ೫.೨೬ಕ್ಕೆ ಹೊರಗೆ ಬಂದಿದ್ದಾನೆ, ಕೈಯಲ್ಲಿ ಅಂಜಲ್ ಮೀನಿನ ಪೊಟ್ಟಣ, ಹೆಗಲಲ್ಲಿ ಬ್ಯಾಗು. ಪಟ್ಟಿ ಗಟ್ಟಿಯಾಗಿಯೇ ಇದೆ. ಲೆಫ್ಟಿನೆಂಟ್ ಅದನ್ನು ಮೂರು ಸಲ ಓಡಿಸಿ ನೋಡಿದ. ಧರ್ಮಪಾಲನ ಫೋನು ಸ್ವಿಚ್ ಆಫ್ ಇತ್ತು.

ಸಂಜೆ ೪ ಗಂಟೆಗೆ ಅಹ್ಮದ್ ಮತ್ತು ಕಾನ್‌ಸ್ಟೇಬಲ್ ಸುಹೈಲ್ ವಸಂತಿ ಇಳಿದುಕೊಂಡಿದ್ದ ಮನೆಗೆ ಹೋದರು. ದೇರಾದ ಹಳೆ ಕಟ್ಟಡದ ಮೂರನೆಯ ಮಹಡಿ, ಒಂದು ಫ್ಲ್ಯಾಟಿನಲ್ಲಿ ನಾಲ್ಕು ಸಂಸಾರ. ಒಂದು ಕೋಣೆ ಜೂಡಿತ್ ಎಂಬ ಮಂಗಳೂರಿನ ಹೆಂಗಸಿನದು. ಧರ್ಮಪಾಲ ಆಕೆಯನ್ನು ಕೇಳಿಕೊಂಡು ಅಕ್ಕನಿಗೆ ಅಲ್ಲಿ ಮಂಚ ಹಾಕಿಸಿದ್ದ. ಕಿಟಕಿ ತೆರೆದರೆ ಎದುರಿಗೆ ಇನ್ನೊಂದು ಕಟ್ಟಡದ ಗೋಡೆ, ಎ.ಸಿ. ಪೆಟ್ಟಿಗೆಗಳು. ವಸಂತಿ ಎರಡು ರಾತ್ರಿ ನಿದ್ದೆ ಮಾಡಿರಲಿಲ್ಲ.

“ಬಾಗಿಲಿಗೆ ಬೀಗ ಇಲ್ಲ ಅಹ್ಮದಣ್ಣ,” ಎಂದಳು. “ಕೀ ಅಲ್ಲೇ ಮೊಳೆಯಲ್ಲಿ ನೇತಾಡ್ತಾ ಉಂಟು. ಬೇಕಾದ್ರೆ ಈಗಲೇ ಇಳಿದು ರಸ್ತೆಗೆ ಹೋಗ್ಬಹುದು. ಆದ್ರೆ ಆಚೆ ಎಲ್ಲಿಗೆ ಹೋಗುದು?”

ಧರ್ಮಪಾಲ ಪಾಸ್‌ಪೋರ್ಟನ್ನು ಯಾವಾಗ ಕೇಳಿ ಪಡೆದ ಎಂದು ಅಹ್ಮದ್ ವಿಚಾರಿಸಿದ. ವಿಮಾನ ನಿಲ್ದಾಣದ ಬಾಗಿಲಲ್ಲೇ. ಅವನು ಕೈ ಚಾಚಿದ, ಇವಳು ಕೊಟ್ಟಳು. ಚಿಕ್ಕಂದಿನಲ್ಲಿ ಅವನ ಸ್ಲೇಟು ಬಳಪ ತಾನು ಹಿಡಿದುಕೊಳ್ಳುತ್ತಿದ್ದ ಹಾಗೆಯೇ ಅನ್ನಿಸಿತಂತೆ. ಅವನು ಯಾರ ಕಂಪನಿಯಲ್ಲಿದ್ದಾನೆ ಎಂದು ಅಹ್ಮದ್ ಕೇಳಿದ. ಊರಿನವರದೇ, ಚಾಮರಾಜ ಎಂಬವರದು, ಮದೀನತ್ ಜಾಯೆದ್‌ನಲ್ಲಿ ದೊಡ್ಡ ಆಫೀಸು, ದೇರಾದಲ್ಲಿ ಚಿಕ್ಕದು ಎಂದಳು. ಆಮೇಲೆ ಸಣ್ಣ ದನಿಯಲ್ಲಿ ಉಳಿದದ್ದನ್ನೂ ಹೇಳಿದಳು. ಅಶ್ಮಿತಾ ಈ ಚಾಮರಾಜನ ತಮ್ಮನ ಹೆಂಡತಿ.

“ಧರ್ಮ ಹಾಗೆ ಮಾಡ್ಲಿಕ್ಕಿಲ್ಲ,” ಎಂದಳು ಕೊನೆಗೆ. ಅಹ್ಮದ್ ಚಾಮರಾಜನ ಹೆಸರನ್ನು ಬರೆದುಕೊಂಡ.

ಮಾರ್ಚ್ ೧೦, ಮಂಗಳವಾರ. ಬೆಳಿಗ್ಗೆ ೭.೩೦ಕ್ಕೆ ಕೆಲಸದ ವ್ಯಾನು ಹತ್ತುತ್ತಿದ್ದ ಧರ್ಮಪಾಲನನ್ನು ಸುಹೈಲ್ ಕರೆತಂದ. ಕ್ಯಾಮೆರಾದ ದೃಶ್ಯ ತೋರಿಸಿದರು. ಆ ಬ್ಯಾಗು ಬೇರೆ ಎಂದ. ಆಮೇಲೆ ಬ್ಯಾಗು ಅಲ್ಲ, ಜೇಬಿನಿಂದ ಬಿದ್ದಿತು ಎಂದ. ಸುಳ್ಳು ಹೇಳಿ ಅಭ್ಯಾಸವಿಲ್ಲದವನ ಪಾಡೇ ಇಷ್ಟು, ಒಂದನ್ನು ಸರಿಮಾಡಲು ಹೋಗಿ ಇನ್ನೊಂದನ್ನು ಕೆಡಿಸುತ್ತಾನೆ. ಲೆಫ್ಟಿನೆಂಟ್ ಗದರಲಿಲ್ಲ. ಪರ್ಸನ್ನು ಮೇಜಿನ ಮೇಲೆ ಖಾಲಿ ಮಾಡು ಎಂದ.

ಗುರುತಿನ ಚೀಟಿ, ಬಸ್ಸಿನ ಕಾರ್ಡು, ಒಂದು ಹೆಣ್ಣುಮಗುವಿನ ಫೋಟೋ. ಅದರ ಹಿಂದೆ ಲ್ಯಾಮಿನೇಟ್ ಮಾಡಿಸಿದ ಒಂದು ಸಣ್ಣ ಕಾಗದ. ಕಂಪನಿಯ ಮೊಹರು, ೬-೨-೨೦೧೧, ‘ಪಾಸ್‌ಪೋರ್ಟ್ ಒಂದು, ಸ್ವೀಕರಿಸಿದೆ’. ಅವನದೇ ಪಾಸ್‌ಪೋರ್ಟಿನ ಚೀಟಿ. ಅಂಚು ಸವೆಯದಂತೆ ನಾಲ್ಕು ವರ್ಷ ಜೋಪಾನವಾಗಿ ಕಾಯ್ದದ್ದು. ಅದಕ್ಕೆ ಅಂಟಿಕೊಂಡಂತೆ ಇನ್ನೊಂದು ಚೀಟಿ ಇತ್ತು, ಹೊಸದು. ಅದೇ ಮೊಹರು, ೭-೩-೨೦೧೫. ಲೆಫ್ಟಿನೆಂಟ್ ಅದರ ಮೇಲಿನ ಸಂಖ್ಯೆಯನ್ನು ದೂರಿನ ಜೊತೆಗಿದ್ದ ಜೆರಾಕ್ಸಿಗೆ ಹೋಲಿಸಿದ. ವಸಂತಿಯ ಪಾಸ್‌ಪೋರ್ಟ್.

ದೇರಾದ ಚಿಕ್ಕ ಆಫೀಸಿನ ಗುಮಾಸ್ತ ಹರ್ಬರ್ಟನನ್ನು ಫೋನಿನಲ್ಲಿ ಕೇಳಿದಾಗ ಅವನು ಏನನ್ನೂ ಮುಚ್ಚಿಡಲಿಲ್ಲ. ಶನಿವಾರ ಸಂಜೆ ಧರ್ಮಪಾಲ ಪಾಸ್‌ಪೋರ್ಟ್ ತಂದುಕೊಟ್ಟ, ಯಾರೋ ಹೊಸ ಆಳಿನದು ಎಂದುಕೊಂಡೆ, ಪಾಸ್‌ಪೋರ್ಟ್ ಬಂದರೆ ಚೀಟಿ ಹರಿದು ಕೊಡುವುದು ಇಪ್ಪತ್ತು ವರ್ಷದ ರೂಢಿ ಎಂದ. ಪಾಸ್‌ಪೋರ್ಟು ಭಾನುವಾರದ ಡ್ರೈವರ್ ಜೊತೆ ಮದೀನತ್ ಜಾಯೆದ್‌ಗೆ ಹೋಗಿತ್ತು.

“ಈ ಚೀಟಿಯನ್ನು ಯಾಕೆ ಬಿಸಾಡಲಿಲ್ಲ?” ಎಂದು ಕೇಳಿದ ಲೆಫ್ಟಿನೆಂಟ್. ಅವನಿಗೆ ನಿಜವಾಗಿಯೂ ಅರ್ಥವಾಗಿರಲಿಲ್ಲ.

ಧರ್ಮಪಾಲ ಅಹ್ಮದನ ಮುಖ ನೋಡಿದ, ಊರಿನಲ್ಲಿ ಬ್ಯಾರಿ ಹಿರಿಯರನ್ನು ಕರೆಯುವ ಹಾಗೆ ಕರೆದ. “ಪಾಸ್‌ಪೋರ್ಟಿನ ಚೀಟಿ ಹೇಗೆ ಬಿಸಾಡುದು ಅಹ್ಮದಾಕ? ಅದು ಹೋದ್ರೆ ಆಮೇಲೆ ಕೇಳ್ಲಿಕ್ಕೆ ಎಂತ ಉಂಟು?”

ಅಹ್ಮದ್ ಇದನ್ನೂ ಅನುವಾದಿಸಿದ, ಲೆಫ್ಟಿನೆಂಟ್ ಈ ಸಲ ಬರೆದುಕೊಂಡ.

ಮದೀನತ್ ಜಾಯೆದ್ ಇರುವುದು ಅಬುಧಾಬಿಯ ಪಶ್ಚಿಮಕ್ಕೆ, ಬೇರೆ ಪೊಲೀಸರ ಸರಹದ್ದು. ಪತ್ರ ಫ್ಯಾಕ್ಸ್ ಆಗಿ, ಒಪ್ಪಿಗೆ ಬರುವಾಗ ೯.೨೦. ಸುಹೈಲ್ ಕಾರು ಓಡಿಸಿದ, ಜೊತೆಗೆ ಲೆಫ್ಟಿನೆಂಟ್ ಮತ್ತು ಅಹ್ಮದ್. ಎರಡೂ ಬದಿ ಮರಳು, ನೇರ ರಸ್ತೆ, ರುವೈಸ್‌ನ ತೈಲ ಕಾರ್ಖಾನೆಯ ಕಡೆಗೆ ಹೋಗುವ ಟ್ಯಾಂಕರುಗಳ ಸಾಲು. ೧೨.೧೦ಕ್ಕೆ ತಲುಪಿದರು. ಅಲ್ಲಿನ ಠಾಣೆಯ ಇಬ್ಬರು ಜೊತೆಗೂಡಿದರು.

ಚಾಮರಾಜ ಬಂದವರಿಗೆ ಚಹಾ ತರಿಸಿದ. ಹುಡುಗರ ಪಾಸ್‌ಪೋರ್ಟ್ ಕಳೆದುಹೋಗದಿರಲಿ ಎಂದು ತಾನು ಇಟ್ಟುಕೊಳ್ಳುವುದಾಗಿ ಹೇಳಿದ. ಉಪಕಾರ ಮಾಡುತ್ತಿದ್ದೇನೆ ಎಂಬ ಧಾಟಿ. ಕಬ್ಬಿಣದ ಅಲಮಾರಿ ತೆರೆಸಿದರು. ರಬ್ಬರ್ ಬ್ಯಾಂಡ್ ಹಾಕಿದ ಕಟ್ಟುಗಳಲ್ಲಿ ನಲವತ್ತಮೂರು ಪಾಸ್‌ಪೋರ್ಟ್. ಮೇಲಿನ ಕಟ್ಟಿನಲ್ಲಿ ವಸಂತಿಯದು, ಕೆಳಗಿನದರಲ್ಲಿ ಧರ್ಮಪಾಲನದು. ನಾವು ಪಂಚನಾಮೆ, ಮಹಜರು ಎನ್ನುತ್ತೇವಲ್ಲ, ಅದನ್ನು ಅಲ್ಲೇ ಬರೆದರು. ಆದರೆ ಲೆಫ್ಟಿನೆಂಟ್ ಸದ್ಯಕ್ಕೆ ತಂದದ್ದು ಆ ಎರಡು ಪಾಸ್‌ಪೋರ್ಟನ್ನು ಮಾತ್ರ. ಉಳಿದದ್ದು ಅಲಮಾರಿಯಲ್ಲೇ, ಅಲ್ಲಿನ ಪೊಲೀಸರ ಸೀಲಿನೊಂದಿಗೆ.

ಸಂಜೆ ೪.೩೫ಕ್ಕೆ ದೇರಾದ ಠಾಣೆಯಲ್ಲಿ ಅಕ್ಕ ತಮ್ಮಂದಿರನ್ನು ಎದುರುಬದುರು ಕೂರಿಸಿದರು. ಲೆಫ್ಟಿನೆಂಟ್ ವಸಂತಿಗೆ ಎರಡು ದಾರಿ ಹೇಳಿದ. ನಾನೇ ಒಪ್ಪಿ ಕೊಟ್ಟಿದ್ದೆ ಎಂದು ಬರೆದುಕೊಟ್ಟರೆ ಕೇಸಿಲ್ಲ; ಪಾಸ್‌ಪೋರ್ಟ್ ತೆಗೆದುಕೊಂಡು ಹೊರಡಬಹುದು, ತಮ್ಮನೂ ಮನೆಗೆ ಹೋಗುತ್ತಾನೆ. ಮೋಸದಿಂದ ಕಿತ್ತುಕೊಂಡರು ಎಂದರೆ ತಮ್ಮನೂ ಚಾಮರಾಜನೂ ಒಳಗೆ. ಹೇಳಿಕೆಗೆ ಸಹಿ ಹಾಕಿದರೆ ಜೆರಾಕ್ಸ್ ಇಟ್ಟುಕೊಂಡು ಆಕೆಯನ್ನು ಕಳಿಸಲು ಪ್ರಾಸಿಕ್ಯೂಟರ್ ಒಪ್ಪಿದ್ದಾರೆ.

ವಸಂತಿ ತಮ್ಮನನ್ನೇ ನೋಡುತ್ತಿದ್ದಳು. ಯಾಕೆ ಎಂದು ಅವಳು ಕೇಳಲೂ ಇಲ್ಲ, ಅವನೇ ಶುರು ಮಾಡಿದ. ಬಂದ ವರ್ಷವೇ ಮಗಳು ದೀಕ್ಷಿತಾ ಹುಟ್ಟಿದ್ದು. ಎರಡು ವರ್ಷಕ್ಕೊಮ್ಮೆ ರಜೆ ಎಂದು ಕರಾರು. ಕೇಳಿದಾಗಲೆಲ್ಲ ಆಳು ಕಡಿಮೆ, ಮುಂದಿನ ತಿಂಗಳು ಎಂದೇ ಉತ್ತರ. ದೂರು ಕೊಟ್ಟರೆ ಕೆಲಸ ಬಿಟ್ಟು ಓಡಿಹೋದ ಎಂದು ಕೇಸು ಹಾಕುತ್ತೇನೆ ಎಂಬ ಬೆದರಿಕೆ. ಮಗುವಿಗೆ ಮೂರೂವರೆ ವರ್ಷ, ಅಪ್ಪ ಎಂದರೆ ಫೋನು ತಂದುಕೊಡುತ್ತದಂತೆ. ಬುಧವಾರ ದಾಟುವವರೆಗೆ ಅಕ್ಕನನ್ನು ಇಲ್ಲೇ ಹಿಡಿದಿಡು, ಗುರುವಾರ ನಿನ್ನ ಪಾಸ್‌ಪೋರ್ಟ್ ನಿನ್ನ ಕೈಗೆ ಎಂದಿದ್ದ ಚಾಮರಾಜ.

“ನನ್ನತ್ರ ಒಂದು ಮಾತು ಹೇಳಿದ್ರೆ ಸಾಕಿತ್ತಲ್ಲ ಧರ್ಮ,” ಎಂದಳು ವಸಂತಿ. “ನಾನೇ ಮೀಟಿಂಗಿಗೆ ಹೋಗ್ತಿರ್ಲಿಲ್ಲ.”

“ಗೊತ್ತುಂಟು. ಅದಕ್ಕೇ ಹೇಳ್ಲಿಲ್ಲ ಅಕ್ಕ. ಕದ್ದದ್ದು ಗೊತ್ತಾದ್ರೆ ನೀನು ಕಳ್ಳ ಅಂತ ಬೈತಿದ್ದಿ, ಅದನ್ನು ಹೇಗಾದ್ರೂ ತಡ್ಕೊಳ್ಬಹುದು. ನೀನಾಗಿ ಬಿಟ್ಟುಕೊಟ್ಟಿದ್ರೆ ನಾನು ನಿನ್ನ ಮುಖ ಹೇಗೆ ನೋಡುದು?”

ವಸಂತಿ ಅತ್ತಳು. ಯಾರೂ ಅವಳನ್ನು ಅವಸರಪಡಿಸಲಿಲ್ಲ. ಸುಹೈಲ್ ಒಂದು ಲೋಟ ನೀರು ತಂದಿಟ್ಟ. ಆಮೇಲೆ ಸೆರಗಿನಿಂದ ಮುಖ ಒರೆಸಿಕೊಂಡು ಅಹ್ಮದನನ್ನು ಕೇಳಿದಳು, ಒಪ್ಪಿ ಕೊಟ್ಟೆ ಎಂದು ಬರೆದರೆ ಆ ಅಲಮಾರಿ ಏನಾಗುತ್ತದೆ ಎಂದು. ಕೇಸಿಲ್ಲದಿದ್ದರೆ ಸೀಲು ತೆಗೆಯುತ್ತಾರೆ, ಇವನ ಪಾಸ್‌ಪೋರ್ಟನ್ನೂ ಕಂಪನಿಗೇ ಕೊಡುತ್ತಾರೆ ಎಂದ ಅಹ್ಮದ್. ಕೇಸಿದ್ದರೆ? ನಲವತ್ತಮೂರೂ ಹೊರಗೆ ಬರುತ್ತದೆ. ಇವನಿಗೆ ಕೆಲವು ತಿಂಗಳ ಜೈಲಾಗಬಹುದು, ಆಮೇಲೆ ಊರಿಗೆ ಕಳಿಸುತ್ತಾರೆ.

“ಊರಿಗೆ ಕಳಿಸುದು ಖಂಡಿತವಾ?”

“ಖಂಡಿತ ವಸಂತಕ್ಕ. ತಿರುಗಿ ಬರ್ಲಿಕ್ಕೆ ಮಾತ್ರ ಬಿಡುದಿಲ್ಲ.”

ಅವಳು ಪೆನ್ನು ತೆಗೆದುಕೊಂಡು ದೂರಿಗೆ ಸಹಿ ಹಾಕಿದಳು. ೫.೨೦ ಆಗಿತ್ತು. ತಮ್ಮನ ತಲೆಯ ಮೇಲೆ ಒಮ್ಮೆ ಕೈಯಿಟ್ಟು, ತಿರುಗಿ ನೋಡದೆ ವಿಮಾನ ನಿಲ್ದಾಣಕ್ಕೆ ಸುಹೈಲನ ಕಾರು ಹತ್ತಿದಳು. ಮದೀನತ್ ಜಾಯೆದ್‌ನಲ್ಲಿ ಅದೇ ಹೊತ್ತಿಗೆ ಚಾಮರಾಜನನ್ನು ಬಂಧಿಸಿದರು.

ಮಾರನೆಯ ದಿನ ಸೋಮಕಟ್ಟೆಯಲ್ಲಿ ವಸಂತಿಯ ಪರ ಹತ್ತೊಂಬತ್ತು ಕೈ ಎದ್ದವು. ಒಂದು ಅವಳದೇ. ಹಾರ ಹಾಕಿಸಿಕೊಂಡ ಫೋಟೋ ಅಹ್ಮದನ ಫೋನಿಗೂ ಬಂತು, ಅದರಲ್ಲಿ ಮೇಯರ್ ನಗುತ್ತಿರಲಿಲ್ಲ.

ಮಂಗಳವಾರದ ಉಳಿದ ಕೆಲಸ ಬೇಗ ಮುಗಿಯಿತು. ೫.೪೫ಕ್ಕೆ ಧರ್ಮಪಾಲನ ಬಂಧನ ದಾಖಲಾಯಿತು. ಲೆಫ್ಟಿನೆಂಟ್ ಅವನ ಪಾಸ್‌ಪೋರ್ಟನ್ನು ಅವನೆದುರೇ ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ಸೀಲು ಮಾಡಿದ, ಎರಡು ಚೀಟಿಗಳನ್ನು ಇನ್ನೊಂದು ಚೀಲಕ್ಕೆ. ಏನಾದರೂ ಕೇಳುವುದಿದೆಯೇ ಎಂದ. ಎಷ್ಟು ತಿಂಗಳು ಎಂದು ಕೇಳುತ್ತಾನೆ, ವಕೀಲರನ್ನು ಕೇಳುತ್ತಾನೆ ಎಂದು ಅಹ್ಮದ್ ಕಾದ.

ಧರ್ಮಪಾಲನ ಕಣ್ಣು ಚೀಲದ ಮೇಲೇ ಇತ್ತು. ನಾಲ್ಕು ವರ್ಷದ ಮೇಲೆ ಅವನು ತನ್ನ ಪಾಸ್‌ಪೋರ್ಟನ್ನು ನೋಡಿದ್ದು ಆಗಲೇ.

“ಹಳೆ ಚೀಟಿಯೂ ನೀವೇ ತಗೊಂಡ್ರಿ,” ಎಂದ. “ಈ ಪಾಸ್‌ಪೋರ್ಟ್ ಇಟ್ಟುಕೊಂಡದ್ದಕ್ಕೆ ನನಗೊಂದು ಚೀಟಿ ಬರೆದುಕೊಡ್ಲಿಕ್ಕೆ ಹೇಳಿ ಅಹ್ಮದಾಕ.”